ನಮ್ಮ ಪುಟ್ಟ ಚಾರ್ಟರ್ ಕಂಪನಿ, ಎಸ್‌ಎಂಎಸ್ ಮತ್ತು ಹದಿನಾಲ್ಕು ತಿಂಗಳು

ಹೋದ ವಾರ ಪತ್ರ ಬಂತು. ಎರಡು ಪುಟ, ಕೊನೆಗೊಂದು ಸಹಿ. ನಮ್ಮ ಕಂಪನಿಯ ಸುರಕ್ಷತಾ ನಿರ್ವಹಣಾ ವ್ಯವಸ್ಥೆಗೆ (ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಎಸ್‌ಎಂಎಸ್) ವಿಮಾನಯಾನ ನಿಯಂತ್ರಕರ ಒಪ್ಪಿಗೆ. ಶುರು ಮಾಡುವಾಗ ಮೂರು ತಿಂಗಳು ಸಾಕು ಅಂದುಕೊಂಡಿದ್ದೆ. ಹಿಡಿದದ್ದು ಹದಿನಾಲ್ಕು. ಆ ಹನ್ನೊಂದು ತಿಂಗಳು ಎಲ್ಲಿ ಹೋಯಿತು ಅಂತ ಬರೆದಿಡುತ್ತಿದ್ದೇನೆ. ಇದೇ ದಾರಿಗೆ ಹೊರಟವರಿಗೆ ಒಂದೆರಡು ತಿಂಗಳಾದರೂ ಉಳಿಯಲಿ.

ಮೊದಲು ನಮ್ಮ ಗಾತ್ರ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಗಾತ್ರದ ಮೇಲೆ ತುಂಬಾ ನಿಂತಿದೆ. ಬಾಡಿಗೆಗೆ ಹಾರಿಸುವ ನಾಲ್ಕು ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನ, ಮೂವತ್ತೆಂಟು ಜನ, ಒಂದು ಹ್ಯಾಂಗರ್. ನಾನು ಪೈಲಟ್ ಅಲ್ಲ, ಇಂಜಿನಿಯರೂ ಅಲ್ಲ. ಯಾವ ವಿಮಾನ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಪೈಲಟ್ ಹತ್ತಬೇಕು ಅಂತ ಒಂಬತ್ತು ವರ್ಷದಿಂದ ಪಟ್ಟಿ ಮಾಡುತ್ತಿದ್ದವಳು. ಒಂದು ಸೋಮವಾರ ನಮ್ಮ ಮುಖ್ಯಸ್ಥರು ಕರೆದರು. "ನೋಡಿ ಮೇಡಂ, ಎಸ್‌ಎಂಎಸ್ ಅಂತ ಏನೋ ಮಾಡಬೇಕಂತೆ. ಒಂದು ಮ್ಯಾನ್ಯುಯಲ್ ಬರೆದು ಕೊಟ್ಟರೆ ಆಯ್ತು. ನೀವು ಅಚ್ಚುಕಟ್ಟು, ನೀವೇ ಮಾಡಿ" ಅಂದರು. ನಾನೂ "ಆಯ್ತು ಸರ್" ಅಂದೆ. ಸಂಜೆ ಹ್ಯಾಂಗರ್‌ನಲ್ಲಿ ಹೇಳಿದಾಗ ಒಬ್ಬ, "ಎಸ್ಸೆಮ್ಮೆಸ್ಸಾ? ಈಗ ಎಲ್ಲರೂ ವಾಟ್ಸ್ಯಾಪ್‌ನಲ್ಲಿದ್ದಾರಲ್ಲ ಮೇಡಂ" ಅಂದ. ಆ ಜೋಕು ಹದಿನಾಲ್ಕು ತಿಂಗಳೂ ನನ್ನ ಬೆನ್ನು ಬಿಡಲಿಲ್ಲ.

ಹೊಸಬರಿಗಾಗಿ ಎರಡು ಮಾತು. ಇದರ ಮೂಲ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊದ 19ನೇ ಅನುಬಂಧ. 2013ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಎರಡನೇ ಆವೃತ್ತಿ 2019ರ ನವೆಂಬರ್‌ನಲ್ಲಿ. ಎಸ್‌ಎಂಎಸ್‌ನಲ್ಲಿ ನಾಲ್ಕು ಭಾಗ: ಸುರಕ್ಷತಾ ನೀತಿ, ರಿಸ್ಕ್ ನಿರ್ವಹಣೆ, ಸುರಕ್ಷತಾ ಖಾತರಿ, ಸುರಕ್ಷತೆಯ ಪ್ರಚಾರ. ನಾಲ್ಕನ್ನೂ ಬಿಡಿಸಿದರೆ ಹನ್ನೆರಡು ಅಂಶ. ಅಪಘಾತ ಆದಮೇಲೆ ಕಾರಣ ಹುಡುಕುವ ಬದಲು, ಆಗುವ ಮುಂಚೆಯೇ ಅಪಾಯ ಎಲ್ಲಿ ಅಡಗಿದೆ ಅಂತ ಹುಡುಕಿ, ಅಳೆದು, ತಗ್ಗಿಸಿ, ತಗ್ಗಿತಾ ಅಂತ ಮತ್ತೆ ನೋಡಬೇಕು. ಕೇಳೋಕೆ ಸುಲಭ ಅಲ್ವಾ?

ನನ್ನ ಮೊದಲ ತಪ್ಪು ರೆಡಿಮೇಡ್ ಮ್ಯಾನ್ಯುಯಲ್ ಕೊಂಡದ್ದು. ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಕಂಪನಿ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ, ತುಂಬಿಕೊಂಡರೆ ಆಯ್ತು ಅನ್ನುತ್ತಾರೆ. ನೂರಾ ಎಂಬತ್ತು ಪುಟ. ಮೂರು ವಾರ ಕೂತು ತಿದ್ದಿ, ಮುಖಪುಟಕ್ಕೆ ನಮ್ಮ ವಿಮಾನದ ಫೋಟೋ ಹಾಕಿ, ಬೈಂಡ್ ಮಾಡಿಸಿ ಕಳಿಸಿದೆ. ನನಗೇ ಹೆಮ್ಮೆ.

ಏಳು ವಾರ ಸುದ್ದಿಯಿಲ್ಲ. ಎಂಟನೇ ವಾರ ನಲವತ್ತೊಂದು ಟಿಪ್ಪಣಿಯ ಜೊತೆ ವಾಪಸ್ ಬಂತು. ಮೊದಲನೆಯದು ಹೀಗಿತ್ತು: "ಪುಟ 63ರಲ್ಲಿ ಹೆಲಿಕಾಪ್ಟರ್‌ನಿಂದ ಹಗ್ಗ ಇಳಿಬಿಟ್ಟು ಜನರನ್ನು ಎತ್ತುವ ಕಾರ್ಯಾಚರಣೆಯ ರಿಸ್ಕ್ ಬರೆದಿದ್ದೀರಿ. ನಿಮ್ಮಲ್ಲಿ ಹೆಲಿಕಾಪ್ಟರ್ ಇದೆಯೇ?" ಓದಿದಾಗ ಮುಖ ಬಿಸಿಯಾಯಿತು. ಹನ್ನೊಂದನೆಯದು ಇನ್ನೂ ಚುರುಕು. ನಮ್ಮ ಮ್ಯಾನ್ಯುಯಲ್ ಪ್ರಕಾರ ಪ್ರತಿ ತಿಂಗಳು ಹನ್ನೆರಡು ಜನರ ಸುರಕ್ಷತಾ ಸಮಿತಿ ಸೇರಬೇಕಿತ್ತು. ನಮ್ಮ ಕಂಪನಿಯಲ್ಲಿ ಹನ್ನೆರಡು ಜನ ಒಂದೇ ಹೊತ್ತಿಗೆ ನೆಲದ ಮೇಲಿರುವುದೇ ಅಪರೂಪ.

ಮ್ಯಾನ್ಯುಯಲ್‌ನಲ್ಲಿ ಬರೆದದ್ದನ್ನೆಲ್ಲ ನೀವು ಮಾಡಲೇಬೇಕು. ದೊಡ್ಡ ಏರ್‌ಲೈನ್‌ನ ಅಂಗಿ ತೊಟ್ಟರೆ ತೋಳು ನೆಲಕ್ಕೆ ಎಳೆಯುತ್ತದೆ. ಕೊನೆಗೆ ಒಪ್ಪಿಗೆ ಸಿಕ್ಕ ನಮ್ಮ ಮ್ಯಾನ್ಯುಯಲ್ ಎಷ್ಟು ಪುಟ ಗೊತ್ತಾ? ಐವತ್ತೆರಡು.

ನಾಲ್ಕನೇ ತಿಂಗಳು ಮತ್ತೆ ಮೊದಲಿನಿಂದ ಶುರು. ಈ ಸಲ ಗ್ಯಾಪ್ ಅನಾಲಿಸಿಸ್ ಮಾಡಿದೆ. ಇದನ್ನೇ ಮೊದಲು ಮಾಡಬೇಕಿತ್ತು. ಏನು ಇರಬೇಕು, ನಮ್ಮಲ್ಲಿ ಈಗ ಏನಿದೆ, ನಡುವೆ ಎಷ್ಟು ಕಂದಕ ಅನ್ನುವ ಪಟ್ಟಿ. ಐಕಾವೊದ 9859 ನಂಬರಿನ ಸುರಕ್ಷತಾ ನಿರ್ವಹಣಾ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೆ. 2018ರ ನಾಲ್ಕನೇ ಆವೃತ್ತಿ ನೋಡಿ, ಹಳೆಯದು ಬೇಡ. ಎರಡು ವಾರ ಹ್ಯಾಂಗರ್, ಕಚೇರಿ, ಪೈಲಟ್‌ಗಳ ಕೋಣೆ ಅಂತ ಸುತ್ತಿದೆ. ಖುಷಿಯ ವಿಷಯ ಏನಂದರೆ ಅರ್ಧದಷ್ಟು ನಮ್ಮಲ್ಲಿ ಆಗಲೇ ಇತ್ತು. ಹೆಸರು ಬೇರೆ, ಅಷ್ಟೇ. ಚೀಫ್ ಪೈಲಟ್ ಇಟ್ಟುಕೊಂಡಿದ್ದ ಹಳೇ ನೋಟ್‌ಬುಕ್‌ನಲ್ಲಿ ಆರು ವರ್ಷದ ಸಣ್ಣಪುಟ್ಟ ಘಟನೆಗಳಿದ್ದವು. ಕೈಬರಹದಲ್ಲಿ, ದಿನಾಂಕದ ಸಮೇತ. ನಾನು ಇಂಟರ್‌ನೆಟ್‌ನಲ್ಲಿ ಹುಡುಕುತ್ತಿದ್ದದ್ದು ಅವರ ಡ್ರಾಯರ್‌ನಲ್ಲಿತ್ತು.

ಆಮೇಲೆ ನೀತಿಪತ್ರದ ಸಹಿ. ಒಂದು ಪುಟದ ಕಾಗದ, ಒಂದು ದಿನದ ಕೆಲಸ ಅಂದುಕೊಂಡೆ. ಐದು ವಾರ ಹಿಡಿಯಿತು. ಸುರಕ್ಷತೆಗೆ ಕೊನೆಯ ಹೊಣೆ ಹೊತ್ತವರನ್ನು ನಿಯಮ ಅಕೌಂಟೆಬಲ್ ಮ್ಯಾನೇಜರ್ ಅನ್ನುತ್ತದೆ. ದುಡ್ಡು ಮತ್ತು ಜನ, ಎರಡರ ಮೇಲೂ ಅಧಿಕಾರ ಇರುವವರೇ ಆಗಬೇಕು. ನಮ್ಮಲ್ಲಿ ಅದು ಮುಖ್ಯಸ್ಥರೇ. ಅವರು ಕರಡು ಓದುತ್ತಾ ಒಂದು ಸಾಲಿನ ಹತ್ತಿರ ನಿಂತರು. "ಪ್ರಾಮಾಣಿಕವಾಗಿ ತಪ್ಪು ಹೇಳಿಕೊಂಡವರ ಮೇಲೆ ಶಿಸ್ತು ಕ್ರಮ ಇಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಯಾರು ಏನು ಬೇಕಾದರೂ ಮಾಡಬಹುದಾ?"

ನ್ಯಾಯವಾದ ಪ್ರಶ್ನೆಯೇ. ಕೈತಪ್ಪಿ ಆದ ತಪ್ಪು ಬೇರೆ, ಬೇಕಂತಲೇ ನಿಯಮ ಗಾಳಿಗೆ ತೂರುವುದು ಬೇರೆ. ಕುಡಿದು ಕೆಲಸಕ್ಕೆ ಬಂದವನಿಗೆ, ಗೊತ್ತಿದ್ದೂ ಸುಳ್ಳು ಸಹಿ ಹಾಕಿದವನಿಗೆ ಈ ರಕ್ಷಣೆ ಇಲ್ಲ. ಎರಡರ ನಡುವಿನ ಗೆರೆ ಎಲ್ಲಿ, ಅದನ್ನು ಯಾರು ಎಳೆಯುತ್ತಾರೆ ಅಂತ ಬರೆದು ತೋರಿಸುವವರೆಗೆ ಅವರು ಸಹಿ ಹಾಕಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಓದದೆ ಸಹಿ ಹಾಕುವ ಮುಖ್ಯಸ್ಥರಿಗಿಂತ ಇವರೇ ವಾಸಿ.

ಆರನೇ ತಿಂಗಳು ವರದಿ ಪೆಟ್ಟಿಗೆ ಹಾಕಿದೆವು. ಯಾರಿಗೆ ಯಾವ ಅಪಾಯ ಕಂಡರೂ ಒಂದು ಫಾರ್ಮ್ ತುಂಬಿ ಹಾಕಬಹುದು. ಎಲ್ಲರಿಗೂ ಆರು ಗಂಟೆ ತರಬೇತಿ ಕೊಟ್ಟೆವು. ಅದಕ್ಕಾಗಿ ಎರಡು ದಿನ ಅರ್ಧದಷ್ಟು ವಿಮಾನ ಹಾರಲಿಲ್ಲ. ಆಮೇಲೆ ಕಾದೆ. ಮೊದಲ ತಿಂಗಳು ಸೊನ್ನೆ. ಎರಡನೇ ತಿಂಗಳು ಒಂದು ಚೀಟಿ, "ಗಂಡಸರ ಟಾಯ್ಲೆಟ್ಟಿನ ಬಲ್ಬ್ ಹೋಗಿದೆ" ಅಂತ. ಮೂರನೇ ತಿಂಗಳೂ ಸೊನ್ನೆ. ಮುಖ್ಯಸ್ಥರಿಗೆ ಖುಷಿ. "ನೋಡಿದ್ರಾ, ನಮ್ಮಲ್ಲಿ ತೊಂದರೆಯೇ ಇಲ್ಲ!" ನನಗೆ ಮಾತ್ರ ರಾತ್ರಿ ನಿದ್ದೆ ಕಡಿಮೆಯಾಯಿತು. ನಾಲ್ಕು ವಿಮಾನ ದಿನಾ ಹಾರುವ ಜಾಗದಲ್ಲಿ ಮೂರು ತಿಂಗಳು ಏನೂ ಆಗಲಿಲ್ಲ ಅಂದರೆ ಯಾರೂ ಹೇಳುತ್ತಿಲ್ಲ ಅಂತಲೇ ಅರ್ಥ.

ಒಂದು ಮಧ್ಯಾಹ್ನ ನೀರು ಕುಡಿಯಲು ಹೋದಾಗ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ಪಕ್ಕಕ್ಕೆ ಬಂದರು. ಇಪ್ಪತ್ತು ವರ್ಷದ ಅನುಭವ, ಮಾತು ಕಡಿಮೆ. "ಮೇಡಂ, ಒಂದು ಮಾತು. ಬರ್ಕೋಬೇಡಿ" ಅಂದರು.

ಹತ್ತು ದಿನದ ಹಿಂದೆ ಒಂದು ವಿಮಾನ ತೊಳೆದಿದ್ದರಂತೆ. ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗಳನ್ನು ಮುಚ್ಚಬೇಕು. ಇವು ವಿಮಾನದ ಮೈಮೇಲಿರುವ ಸಣ್ಣ ತೂತುಗಳು. ಹೊರಗಿನ ಗಾಳಿಯ ಒತ್ತಡ ಇಲ್ಲಿಂದಲೇ ಒಳಗೆ ಹೋಗಿ ಎತ್ತರ, ವೇಗ, ಏರಿಳಿತ ತೋರಿಸುವ ಮೀಟರ್‌ಗಳನ್ನು ನಡೆಸುತ್ತದೆ. ನೀರು ನುಗ್ಗಬಾರದು ಅಂತ ಮುಚ್ಚೋದು. ಮುಚ್ಚಲು ಕೆಂಪು ಪಟ್ಟಿ ನೇತಾಡುವ ಕವರ್‌ಗಳಿವೆ. ನಮ್ಮಲ್ಲಿ ಒಂದು ಕವರ್ ಕಳೆದು ಹೋಗಿ ತಿಂಗಳುಗಳಾಗಿದ್ದವು, ಹೊಸದು ಬಂದಿರಲಿಲ್ಲ. ಅದಕ್ಕೇ ಟೇಪ್ ಹಚ್ಚಿದ್ದರು. ಬಿಳಿ ವಿಮಾನ, ತೆಳು ಬಣ್ಣದ ಟೇಪ್. ತೊಳೆದಾದ ಮೇಲೆ ಮೂರು ಕವರ್ ತೆಗೆದರು, ಟೇಪ್ ಉಳಿಯಿತು. ಸಂಜೆ ಹಾರಾಟಕ್ಕೆ ಮುಂಚೆ ಕೋ ಪೈಲಟ್ ಸುತ್ತು ಹಾಕಿ ನೋಡಿ ಹೋಗಿದ್ದರು. ಅವರ ಕಣ್ಣಿಗೂ ಬಿದ್ದಿಲ್ಲ. ಈ ಮೆಕ್ಯಾನಿಕ್ ಬೇರೆ ಏನೋ ಕೆಲಸಕ್ಕೆ ಟಾರ್ಚ್ ಹಿಡಿದು ಹೋಗುವಾಗ ಬೆಳಕು ಬಿದ್ದು ಟೇಪ್ ಹೊಳೆಯಿತಂತೆ. ಕಿತ್ತು ಜೇಬಿಗೆ ಹಾಕಿಕೊಂಡರು. ವಿಮಾನ ಹೊರಟಿತು. ಯಾರಿಗೂ ಹೇಳಲಿಲ್ಲ.

ನನ್ನ ಎದೆ ಧಸಕ್ ಅಂತು. ಯಾಕಂದರೆ ತರಬೇತಿಯ ಸ್ಲೈಡ್‌ಗಾಗಿ ಹುಡುಕುವಾಗ ಇದೇ ಕಥೆ ಓದಿದ್ದೆ. 1996ರ ಅಕ್ಟೋಬರ್ 2, ಪೆರು ದೇಶದ ಲಿಮಾದಿಂದ ರಾತ್ರಿ ಹೊರಟ ಏರೊಪೆರು 603, ಬೋಯಿಂಗ್ 757. ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗಳ ಮೇಲೆ ಹಚ್ಚಿದ್ದ ಟೇಪ್ ಹಾಗೇ ಉಳಿದಿತ್ತು. ಕತ್ತಲಲ್ಲಿ, ಸಮುದ್ರದ ಮೇಲೆ, ಪೈಲಟ್‌ಗಳಿಗೆ ಎತ್ತರವೂ ವೇಗವೂ ತಪ್ಪು ತಪ್ಪಾಗಿ ಕಾಣುತ್ತಿತ್ತು. ಎಪ್ಪತ್ತು ಜನ ಹೋದರು.

"ಫಾರ್ಮ್ ಯಾಕೆ ಹಾಕಲಿಲ್ಲ?" ಅಂತ ಕೇಳಿದೆ. ಅವರು ಹೇಳಿದ ಉತ್ತರ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಒಂದು, ಟೇಪ್ ಹಚ್ಚಿದ್ದು ಅವರೇ. ಎರಡು, ಫಾರ್ಮಿನ ಮೊದಲ ಸಾಲೇ ಹೆಸರು ಮತ್ತು ಉದ್ಯೋಗಿ ಸಂಖ್ಯೆ. ಮೂರನೆಯದಕ್ಕೆ ಅವರು ಬಾಯಿ ಬಿಡಲಿಲ್ಲ, ಕಾರಿಡಾರಿನ ಕಡೆ ಗದ್ದ ತೋರಿಸಿದರು. ಗೋಪ್ಯ ವರದಿಯ ಪೆಟ್ಟಿಗೆಯನ್ನು ನಾನು ಸರಿಯಾಗಿ ಸಿಸಿಟಿವಿ ಕ್ಯಾಮೆರಾ ಕೆಳಗೆ ಹಾಕಿಸಿದ್ದೆ. ಮೂರು ತಿಂಗಳು ದಿನಾ ಅದರ ಮುಂದೆಯೇ ಓಡಾಡಿದ್ದೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಅವತ್ತೇ ಪೆಟ್ಟಿಗೆ ಜಾಗ ಬದಲಾಯಿತು. ಹೆಸರಿನ ಸಾಲು ಫಾರ್ಮಿನ ಕೊನೆಗೆ ಹೋಯಿತು, "ಬೇಕಿದ್ದರೆ ಮಾತ್ರ" ಅಂತ. ಬರೆಯಲು ಇಷ್ಟವಿಲ್ಲದವರು ಫೋನಿನಲ್ಲಿ ಧ್ವನಿ ಕಳಿಸಬಹುದು ಅಂತಲೂ ಮಾಡಿದೆವು. ಇದು ಎಷ್ಟು ಕೆಲಸ ಮಾಡಿತು ಅಂದರೆ, ಈಗ ನಮ್ಮ ಅರ್ಧಕ್ಕಿಂತ ಜಾಸ್ತಿ ವರದಿ ಧ್ವನಿಯಲ್ಲೇ ಬರುತ್ತವೆ. ಕೈಯಲ್ಲಿ ಗ್ರೀಸ್ ಮೆತ್ತಿಕೊಂಡವನಿಗೆ ಪೆನ್ನು ಹಿಡಿ ಅಂದರೆ ಹೇಗೆ?

ಮೆಕ್ಯಾನಿಕ್ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಅವರು ಬರ್ಕೋಬೇಡಿ ಅಂದಿದ್ದರು. ನಾನು ಎರಡು ದಿನ ತಡೆದೆ. ಆಮೇಲೆ ಮತ್ತೆ ಹೋಗಿ, "ನಿಮ್ಮ ಹೆಸರಿಲ್ಲದೆ ಬರೆಯಲಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಹೆಸರು ಹಾಕಿಯೇ ಬರೀರಿ. ನೋಡೋಣ ಏನ್ ಮಾಡ್ತಾರೆ" ಅಂದರು. ವರದಿ ನಂಬರ್ 2. ನಂಬರ್ 1 ಆ ಟಾಯ್ಲೆಟ್ಟಿನ ಬಲ್ಬು. ಅದನ್ನೂ ಅಳಿಸಲಿಲ್ಲ.

ಮುಖ್ಯಸ್ಥರ ಮುಂದೆ ಆ ಕಾಗದ ಇಟ್ಟಾಗ ನನ್ನ ಕೈ ನಡುಗುತ್ತಿತ್ತು ಅಂತ ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವರು ಎರಡು ಸಲ ಓದಿದರು. ಒಂದೇ ಪ್ರಶ್ನೆ ಕೇಳಿದರು: "ಆ ಕವರ್ ತರಿಸಲು ಮಂಜೂರಾತಿ ಕೊಡದೆ ಇಟ್ಟುಕೊಂಡವರು ಯಾರು?" ಕಡತ ತೆಗೆದು ನೋಡಿದರೆ ಅದು ಅವರ ಟೇಬಲ್ ಮೇಲೆಯೇ ನಾಲ್ಕು ತಿಂಗಳಿಂದ ಕೂತಿತ್ತು. ಅವತ್ತಿನಿಂದ ನನ್ನ ಕೆಲಸ ಅರ್ಧ ಹಗುರವಾಯಿತು.

ಇನ್ನು ರಿಸ್ಕ್ ಅಳೆಯುವ ಸಭೆ. ಐಕಾವೊ ಮಾದರಿಯ ಕೋಷ್ಟಕದಲ್ಲಿ ಒಂದು ಕಡೆ ಸಂಭವ, 5ರಿಂದ 1ರವರೆಗೆ. ಇನ್ನೊಂದು ಕಡೆ ತೀವ್ರತೆ, ಎ ಇಂದ ಇ ವರೆಗೆ. ಎ ಅಂದರೆ ಸರ್ವನಾಶ. ಟೇಪ್ ಪ್ರಕರಣಕ್ಕೆ ತೀವ್ರತೆ ಎ ಅನ್ನುವುದರಲ್ಲಿ ಜಗಳವಿಲ್ಲ. ಸಂಭವದಲ್ಲಿ ಜಗಳ. ಪೈಲಟ್‌ಗಳ ಕಡೆಯವರು 2 ಅಂದರು, ಮೆಕ್ಯಾನಿಕ್‌ಗಳು 3 ಅಂದರು. ಒಂದು ಅಂಕೆಗೆ ಇಷ್ಟು ಚರ್ಚೆ ಯಾಕೆ ಅಂದರೆ, 2ಎ ಹಳದಿ ಪಟ್ಟಿಯಲ್ಲಿ ಬರುತ್ತದೆ, ಕ್ರಮ ಕೈಗೊಂಡು ಕೆಲಸ ಮುಂದುವರಿಸಬಹುದು. 3ಎ ಕೆಂಪು. ಸರಿಪಡಿಸುವವರೆಗೆ ಆ ಕೆಲಸ ನಿಲ್ಲಿಸಬೇಕು. ಎರಡು ಗಂಟೆ ಕಳೆದ ಮೇಲೆ ಹಿರಿಯ ಮೆಕ್ಯಾನಿಕ್ ಹೇಳಿದರು: "ಟೇಪ್ ಹಚ್ಚಿ ತೊಳೆದದ್ದು ಇದೊಂದೇ ಸಲ ಅಂತ ಯಾರು ಹೇಳಿದ್ರು?" ಕೋಣೆ ತಣ್ಣಗಾಯಿತು. 3ಎ ಬರೆದುಕೊಂಡೆವು. ಕವರ್ ಬರುವವರೆಗೆ ವಿಮಾನ ತೊಳೆಯುವುದೇ ನಿಂತಿತು. ಹನ್ನೆರಡು ದಿನ. ವಿಮಾನಗಳು ನೋಡಲು ಚೆನ್ನಾಗಿರಲಿಲ್ಲ, ಗ್ರಾಹಕರೊಬ್ಬರು ದೂರಿದರು ಕೂಡ.

ಅಂಕೆ ಕೊಡುವ ಸಭೆಗೆ ಕೆಲಸ ಮಾಡುವ ಕೈಗಳನ್ನೇ ಕರೆಯಿರಿ. ಮ್ಯಾನೇಜರ್‌ಗಳು ಮಾತ್ರ ಕೂತಿದ್ದರೆ ನಮ್ಮದು 2ಎ ಆಗುತ್ತಿತ್ತು.

ಕ್ರಮಗಳು ದುಬಾರಿಯಲ್ಲ. ಪ್ರತಿ ಕವರ್‌ಗೂ ನಂಬರ್, ಗೋಡೆಯ ಹಲಗೆಯ ಮೇಲೆ ಅದರದೇ ಆಕಾರದ ಗುರುತು, ಒಂದು ಜಾಗ ಖಾಲಿ ಕಂಡರೆ ವಿಮಾನ ಹೊರಡುವಂತಿಲ್ಲ. ಒಂದು ಹೆಚ್ಚುವರಿ ಸೆಟ್. ತೊಳೆಯುವ ಕೆಲಸದ ಕಾರ್ಡಿಗೆ ಎರಡನೇ ವ್ಯಕ್ತಿಯ ಸಹಿ. ಟೇಪ್ ನಿಷೇಧ. ಮೂರು ತಿಂಗಳ ನಂತರ ಇಪ್ಪತ್ತೆರಡು ಕಾರ್ಡ್ ತೆಗೆದು ನೋಡಿದೆ. ಎರಡರಲ್ಲಿ ಎರಡನೇ ಸಹಿ ಇರಲಿಲ್ಲ. ಎರಡೂ ರಾತ್ರಿ ಪಾಳಿ, ಅಲ್ಲಿ ಎರಡನೇ ಮನುಷ್ಯನೇ ಇರಲಿಲ್ಲ! ತೊಳೆಯುವುದನ್ನು ಹಗಲಿಗೆ ಹಾಕಿದೆವು. ಕ್ರಮ ಕೈಗೊಂಡೆವು ಅಂತ ಬರೆದು ಮುಚ್ಚಿಬಿಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಈ ನಡುವೆ ಇನ್ನೊಂದು ಕೆಲಸ ಮಾಡಿದೆ, ಆಗ ಅದರ ತೂಕ ಗೊತ್ತಿರಲಿಲ್ಲ. ವಿಮಾನ ತಯಾರಿಸಿದ ಕಂಪನಿಗೂ ಬರೆದೆ. ಕವರ್‌ನ ಪಟ್ಟಿ ಬಿಸಿಲಿಗೆ ಬೇಗ ಬಣ್ಣ ಕಳೆದುಕೊಳ್ಳುತ್ತದೆ, ಬಿಗಿ ಸಾಲದೆ ಗಾಳಿಗೆ ಉದುರುತ್ತದೆ, ಅದಕ್ಕೇ ಕಳೆದು ಹೋಗುತ್ತದೆ ಅಂತ. ಉತ್ತರ ಬರುತ್ತದೆ ಅಂತ ನಂಬಿಕೆ ಇರಲಿಲ್ಲ. ನಾಲ್ಕು ವಾರದ ನಂತರ ಬಂತು. ಧನ್ಯವಾದದ ಒಂದು ಸಾಲಲ್ಲ, ಹದಿನಾರು ಪ್ರಶ್ನೆಗಳು. ಕವರ್ ಎಷ್ಟು ವರ್ಷದ್ದು, ಯಾವ ಸೋಪಿನಲ್ಲಿ ತೊಳೆಯುತ್ತೀರಿ, ಫೋಟೋ ಇದೆಯಾ.

ವಿಮಾನ ವಿನ್ಯಾಸದ ಕಡೆ ಕೆಲಸ ಮಾಡುವ ಗೆಳತಿಯೊಬ್ಬಳು ಕಾರಣ ಹೇಳಿದಳು. ಈಗ ತಯಾರಕರಿಗೂ ಎಸ್‌ಎಂಎಸ್ ಕಡ್ಡಾಯವಾಗುತ್ತಿದೆ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನ ಬಿದ್ದು 346 ಜನ ಸತ್ತ ಮೇಲೆ, ಅಮೆರಿಕದ ಸಂಸತ್ತು 2020ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. ಅದರ ಬೆನ್ನಿಗೆ 2024ರ ಏಪ್ರಿಲ್‌ನಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮ ಹೊರಡಿಸಿತು. ಏರ್‌ಲೈನ್‌ಗಳಿಗೆ 2015ರಿಂದಲೇ ಇದ್ದದ್ದು ಈಗ ಚಾರ್ಟರ್ ಕಂಪನಿಗಳಿಗೂ, ಆಕಾಶ ವಿಹಾರ ನಡೆಸುವವರಿಗೂ, ಒಂದೇ ವಿಮಾನದ ವಿನ್ಯಾಸ ಪ್ರಮಾಣಪತ್ರ ಮತ್ತು ಉತ್ಪಾದನಾ ಪ್ರಮಾಣಪತ್ರ ಎರಡೂ ಇರುವ ತಯಾರಕರಿಗೂ ಬಂದಿದೆ. ಅಲ್ಲಿನ ಚಾರ್ಟರ್‌ನವರಿಗೆ ಗಡುವು 2027ರ ಮೇ 28. ಯುರೋಪ್‌ನಲ್ಲಿ ವಿನ್ಯಾಸ ಮತ್ತು ತಯಾರಿಕೆಯವರಿಗೆ 2023ರ ಮಾರ್ಚ್ 7ರಿಂದ ಶುರುವಾಗಿ, ಹೊಂದಿಕೊಳ್ಳಲು ಎರಡು ವರ್ಷ ಕೊಟ್ಟಿದ್ದರು.

"ನಮ್ಮ ತಲೆನೋವು ಬೇರೆ ಥರ" ಅಂದಳು ಗೆಳತಿ. ಅವರಲ್ಲಿ ವಿಮಾನ ಹಾರುವುದಿಲ್ಲ, ಡ್ರಾಯಿಂಗ್ ಹಾರುತ್ತದೆ. ಒಂದು ಬೋಲ್ಟಿನ ಪೂರೈಕೆದಾರ ಬದಲಾದರೂ ಅದು ರಿಸ್ಕ್. ಒಂದು ಭಾಗ ತಪ್ಪಾಗಿ ತಯಾರಾಗಿ ಹೊರಗೆ ಹೋದರೆ ಅದು ಯಾವ ಯಾವ ವಿಮಾನದಲ್ಲಿ ಕೂತಿದೆ ಅಂತ ಹುಡುಕಬೇಕು. ತಪ್ಪಿನ ಫಲ ಕಾಣಿಸಲು ವರ್ಷಗಳೇ ಬೇಕಾಗಬಹುದು. ಅದಕ್ಕೇ ವಿಮಾನ ಓಡಿಸುವವರು ಕಳಿಸುವ ಸಣ್ಣ ಪತ್ರ ಅವರಿಗೆ ಬೇಕು. ನಮ್ಮ ಕವರ್ ವಿಷಯ ಈಗಲೂ ಅವರಲ್ಲಿ ಪರಿಶೀಲನೆಯಲ್ಲಿದೆ. ಎರಡು ತಿಂಗಳಿಗೊಮ್ಮೆ ನಾನು ನೆನಪಿಸುತ್ತೇನೆ.

ಹತ್ತನೇ ತಿಂಗಳು ತುರ್ತು ಪರಿಸ್ಥಿತಿಯ ಅಣಕು ಕಾರ್ಯಾಚರಣೆ. ಕಾಗದದಲ್ಲಿ ನಮ್ಮ ಯೋಜನೆ ಚಂದವಿತ್ತು. ಮುಖ್ಯಸ್ಥರಿಗೆ ಮಾತ್ರ ಹೇಳಿ, ಬೆಳಗಿನ ಜಾವ ಎರಡು ಗಂಟೆಗೆ ಮೊದಲ ಫೋನ್ ಮಾಡಿದೆ. "ಇದು ಅಭ್ಯಾಸ, ನಿಜವಲ್ಲ" ಅಂತಲೇ ಮಾತು ಶುರು ಮಾಡಬೇಕು, ಅದನ್ನು ಮರೆಯಬೇಡಿ. ಪಟ್ಟಿಯಲ್ಲಿ ಮೂರನೆಯವರು ಕೆಲಸ ಬಿಟ್ಟು ಐದು ತಿಂಗಳಾಗಿತ್ತು. ಪಾಪ, ನಿದ್ದೆಗಣ್ಣಲ್ಲಿ "ನಾನು ಬರಬೇಕಾ?" ಅಂದರು. ಪ್ರಯಾಣಿಕರ ಪಟ್ಟಿ ಇದ್ದ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದವರು ಒಬ್ಬರೇ, ಅವರ ಫೋನ್ ಆಫ್. ಪಟ್ಟಿ ಕೈಗೆ ಬರಲು ಎಪ್ಪತ್ತು ನಿಮಿಷ. ಅಷ್ಟು ಹೊತ್ತು ಒಂದು ಮನೆಯವರು ಫೋನ್ ಹಿಡಿದು ಕಾಯುತ್ತಿದ್ದರೆ ಅಂತ ಯೋಚಿಸಿದೆ. ಇಡೀ ಹದಿನಾಲ್ಕು ತಿಂಗಳಲ್ಲಿ ನಾನು ಅತ್ತದ್ದು ಅವತ್ತು ಮಾತ್ರ. ಮುಂದಿನ ತಿಂಗಳು ಮತ್ತೆ ಮಾಡಿದೆವು, ಹದಿನೆಂಟು ನಿಮಿಷ.

ಅಳತೆಗೋಲುಗಳ ವಿಷಯದಲ್ಲೂ ತುಂಬಾ ದಿನ ಕಳೆದೆ. ಸರಾಸರಿ ತೆಗೆದು, ಅದರಿಂದ ಎಷ್ಟು ದೂರ ಹೋದರೆ ಎಚ್ಚರಿಕೆ ಗಂಟೆ ಬಾರಿಸಬೇಕು ಅನ್ನುವ ಲೆಕ್ಕ ಪುಸ್ತಕದಲ್ಲಿದೆ. ದಿನಕ್ಕೆ ನೂರಾರು ಹಾರಾಟ ಇರುವವರಿಗೆ ಅದು ಸರಿ. ನಮ್ಮಲ್ಲಿ ಒಂದು ತಿಂಗಳು ಒಂದು ಘಟನೆ, ಮುಂದಿನ ತಿಂಗಳು ಎರಡು. ಗ್ರಾಫ್‌ನಲ್ಲಿ ನೋಡಿದರೆ ನೂರಕ್ಕೆ ನೂರು ಏರಿಕೆ! ಅರ್ಥವಿಲ್ಲದ ಮಾತು. ಕೊನೆಗೆ ಬೇರೆ ಥರ ಎಣಿಸಿದೆವು: ವರದಿ ಬಂದು ಎಷ್ಟು ದಿನಕ್ಕೆ ಉತ್ತರ ಹೋಯಿತು, ಕೈಗೊಂಡ ಕ್ರಮಗಳಲ್ಲಿ ಎಷ್ಟನ್ನು ಮತ್ತೆ ಹೋಗಿ ನೋಡಿದೆವು, ಪೈಲಟ್‌ಗಳು ಇಳಿಯುವ ಪ್ರಯತ್ನ ಕೈಬಿಟ್ಟು ಮತ್ತೆ ಏರಿದ್ದನ್ನು ಎಷ್ಟು ಸಲ ತಾವಾಗಿ ಹೇಳಿದರು. ನಿಯಂತ್ರಕರು ಒಪ್ಪಿದರು.

ಹನ್ನೊಂದನೇ ತಿಂಗಳು ಮ್ಯಾನ್ಯುಯಲ್ ಎರಡನೇ ಸಲ ಹೋಯಿತು. ಐದು ವಾರ ಕಾದೆ. ಈ ಸಲ ಏಳೇ ಟಿಪ್ಪಣಿ. ಅವನ್ನು ತಿದ್ದಿ ಕಳಿಸಿದ ಮೇಲೆ ಇನ್ಸ್‌ಪೆಕ್ಟರ್‌ಗಳು ಬರುವ ದಿನಾಂಕಕ್ಕೆ ಮತ್ತೆ ಮೂರು ವಾರ.

ಇಬ್ಬರು ಬಂದರು, ಎರಡು ದಿನ. ನಾನು ಕಡತಗಳನ್ನೆಲ್ಲ ಬಣ್ಣದ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದೆ. ಅವರು ಅದರ ಕಡೆ ನೋಡಲೂ ಇಲ್ಲ. ನೇರ ಹ್ಯಾಂಗರ್‌ಗೆ ಹೋಗಿ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಸಹಾಯಕ ಹುಡುಗನನ್ನು ಹಿಡಿದರು. "ಏನಾದರೂ ಸರಿ ಇಲ್ಲ ಅನಿಸಿದರೆ ಯಾರಿಗೆ ಹೇಳ್ತೀರಾ?" ನಾನು ದೂರದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅವನು ಜೇಬಿನಿಂದ ಫೋನ್ ತೆಗೆದು, ಧ್ವನಿ ಕಳಿಸುವುದು ಹೇಗೆ ಅಂತ ತೋರಿಸಿದ. ಆಮೇಲೆ ಕೇಳದೆಯೇ ಗೋಡೆಯ ಹಲಗೆ ತೋರಿಸಿ ಟೇಪಿನ ಕಥೆಯನ್ನೂ ಹೇಳಿದ. ಅವನು ಸೇರುವ ಮೊದಲೇ ಆದ ಕಥೆ ಅದು.

ಆಮೇಲೆ ಮುಖ್ಯಸ್ಥರ ಸರದಿ. "ಕಾಗದ ನೋಡದೆ ನಿಮ್ಮ ಕಂಪನಿಯ ಮೂರು ದೊಡ್ಡ ರಿಸ್ಕ್ ಹೇಳಿ." ಎರಡು ಸರಿ ಹೇಳಿದರು, ಮೂರನೆಯದು ಹೋದ ವರ್ಷದ್ದು. ಇನ್ಸ್‌ಪೆಕ್ಟರ್ ನಕ್ಕು ಬರೆದುಕೊಂಡರು. ಅವರು ಪ್ರತಿಯೊಂದು ಅಂಶಕ್ಕೂ ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದರು: ಇದೆಯಾ, ನಿಮಗೆ ಹೊಂದುತ್ತದೆಯಾ, ನಡೆಯುತ್ತಿದೆಯಾ, ಫಲ ಕೊಡುತ್ತಿದೆಯಾ. ಮೊದಲ ಸಲ ಒಪ್ಪಿಗೆ ಬೇಡುವವರು ಮೊದಲೆರಡನ್ನು ಗಟ್ಟಿ ತೋರಿಸಿ, ಮೂರನೆಯದು ಶುರುವಾಗಿದೆ ಅಂತ ತೋರಿಸಿದರೆ ಸಾಕು ಅಂದರು. ಇದು ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ರಾತ್ರಿ ಮಲಗುತ್ತಿದ್ದೆ.

ಎರಡು ಫೈಂಡಿಂಗ್ ಬಿತ್ತು, ಅಂದರೆ ಅವರು ಎತ್ತಿ ತೋರಿಸಿದ ಕೊರತೆಗಳು. ಒಂದು, ವಿಮಾನ ನಿಲ್ಲಿಸುವ ಜಾಗ ಬದಲಾಯಿಸಿದ್ದೆವು, ಅದಕ್ಕೆ ಬದಲಾವಣೆಯ ರಿಸ್ಕ್ ಪರಿಶೀಲನೆ ಮಾಡಿರಲಿಲ್ಲ. ಜಾಗ ಬದಲಾವಣೆ ಕೂಡ ಬದಲಾವಣೆ ಅಂತ ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ನನ್ನ ಬಗ್ಗೆಯೇ. ವೇಳಾಪಟ್ಟಿ ಮಾಡುವವಳೇ ಸೇಫ್ಟಿ ಮ್ಯಾನೇಜರ್ ಆಗಿದ್ದರೆ, ಪೈಲಟ್ ದಣಿದಿದ್ದೇನೆ ಅಂತ ವರದಿ ಹಾಕಿದಾಗ ಅದು ಹೋಗುವುದು ಅವನನ್ನು ದಣಿಸಿದವಳ ಕೈಗೇ! ಸತ್ಯದ ಮಾತು. ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ಅವತ್ತಿನವರೆಗೆ ದಣಿವಿನ ಬಗ್ಗೆ ಒಂದೂ ವರದಿ ಬಂದಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ವೇಳಾಪಟ್ಟಿಯನ್ನು ಬೇರೆಯವರಿಗೆ ವಹಿಸಿದೆವು.

ಖರ್ಚು ಕೇಳುವವರಿಗೆ. ರೆಡಿಮೇಡ್ ಮ್ಯಾನ್ಯುಯಲ್‌ನ ದುಡ್ಡು ನೀರಿನಲ್ಲಿ ಹೋಮ. ಒಂದು ಸಾಫ್ಟ್‌ವೇರ್ ಎರಡು ತಿಂಗಳು ಇಟ್ಟುಕೊಂಡು ವಾಪಸ್ ಮಾಡಿದೆವು. ಮೂವತ್ತೆಂಟು ಜನರಿಗೆ ಸ್ಪ್ರೆಡ್‌ಶೀಟ್ ಸಾಕು, ಆದರೆ ಅದನ್ನು ನೋಡುವ ಹಕ್ಕು ಯಾರಿಗಿದೆ ಅಂತ ಬೀಗ ಹಾಕಿಡಿ. ಕವರ್‌ಗಳ ಖರ್ಚು ಲೆಕ್ಕಕ್ಕೇ ಇಲ್ಲ. ದೊಡ್ಡದು ಮೂರು: ತರಬೇತಿಗಾಗಿ ನಿಂತ ಹಾರಾಟಗಳು, ವೇಳಾಪಟ್ಟಿಗೆ ತೆಗೆದುಕೊಂಡ ಹೊಸಬರ ಸಂಬಳ, ಮತ್ತು ನನ್ನ ಸಮಯ. ಡೈರಿ ಕೂಡಿಸಿ ನೋಡಿದರೆ ಸಾವಿರದ ನೂರು ಗಂಟೆ ಆಗಿತ್ತು. ಒಬ್ಬರೇ ಪೈಲಟ್ ಇರುವ ಕಂಪನಿಯಾದರೆ ಹೆದರಬೇಡಿ. ಅಮೆರಿಕದ ನಿಯಮದಲ್ಲಿ ಅಂಥವರಿಗೆ ಕೆಲವು ಅಂಶಗಳಿಂದ ವಿನಾಯಿತಿ ಇದೆ. ನಿಮ್ಮ ನಿಯಂತ್ರಕರಲ್ಲೂ ಕೇಳಿ ನೋಡಿ.

ಪತ್ರ ಬಂದ ದಿನ ಅದರ ಪ್ರತಿಯನ್ನು ಹ್ಯಾಂಗರ್‌ನ ಹಲಗೆಯ ಪಕ್ಕ ಅಂಟಿಸಿದೆ. ಹಿರಿಯ ಮೆಕ್ಯಾನಿಕ್ ಕನ್ನಡಕ ಏರಿಸಿ ಪೂರ್ತಿ ಓದಿದರು. "ಒಂದು ವರ್ಷದೊಳಗೆ ಮತ್ತೆ ಬರ್ತಾರಂತಲ್ಲ ಮೇಡಂ" ಅಂದರು. ಹೌದು, ಎರಡನೇ ಪುಟದ ಕೊನೆಯ ಸಾಲಿನಲ್ಲಿ ಹಾಗಿದೆ. ಅವತ್ತೇ ಸಂಜೆ ವರದಿ ನಂಬರ್ 58 ಬಂತು, ಧ್ವನಿಯಲ್ಲಿ, ಹೊಸ ವೇಳಾಪಟ್ಟಿಯ ಬಗ್ಗೆ ಒಬ್ಬ ಪೈಲಟ್‌ನದು: ಮೂರು ದಿನ ಸತತ ಬೆಳಗಿನ ಜಾವದ ಹಾರಾಟ, ದಣಿದಿದ್ದೇನೆ ಅಂತ.